ಹೊಟ್ಟೆ ಕಿರಿದಾಯಿತು, ಮನಸ್ಸು ಹಗುರಾಗಲಿಲ್ಲವೇ?

ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ಪಶ್ಚಾತ್ತಾಪ ಮತ್ತು ಹೊಂದಾಣಿಕೆ

ಆಪರೇಷನ್ ಆಗಿ ಹದಿನೈದು ದಿನಗಳು ಕಳೆದಿವೆ ಎಂದುಕೊಳ್ಳಿ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಿರುಗುಪ್ಪಕ್ಕೆ ಮರಳಿದ್ದೀರಿ. ಮಧ್ಯಾಹ್ನ ಮನೆಯವರೆಲ್ಲ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿಕೊಂಡು ಕುಳಿತಿದ್ದಾರೆ. ನಿಮ್ಮ ಮುಂದಿರುವುದು ಸಣ್ಣ ಬಟ್ಟಲಿನಲ್ಲಿ ಬೇಳೆಕಟ್ಟು. ಅದೂ ನಾಲ್ಕು ಚಮಚ ಇಳಿಯುವಷ್ಟರಲ್ಲಿ ಎದೆ ಬಿಗಿಯುತ್ತದೆ. ಆಗ ಒಳಗಿನಿಂದ ಒಂದು ಮಾತು ಏಳುತ್ತದೆ: "ನಾನ್ಯಾಕ ಇದನ್ನ ಮಾಡಿಸಿಕೊಂಡೆ?"

ಈ ಮಾತನ್ನು ನೀವು ಯಾರ ಮುಂದೆಯೂ ಆಡುವುದಿಲ್ಲ. ಸಾಲ ಮಾಡಿದ್ದು ನೀವೇ, ಹಟ ಹಿಡಿದದ್ದೂ ನೀವೇ. ಬೇಡವೆಂದ ಅತ್ತೆಯ ಮುಂದೆ ಈಗ ಕಣ್ಣೀರು ಹಾಕುವುದು ಹೇಗೆ? ಹೀಗೆ ನುಂಗಿಕೊಂಡ ಪಶ್ಚಾತ್ತಾಪವೇ ಮುಂದೆ ತೊಂದರೆಗೆ ದಾರಿಯಾಗುತ್ತದೆ. ನಾಚಿಕೆಯಿಂದ ವೈದ್ಯರ ಬಳಿ ಮರುತಪಾಸಣೆಗೆ ಹೋಗುವುದು ನಿಲ್ಲುತ್ತದೆ, ಮಾತ್ರೆಗಳು ನಿಲ್ಲುತ್ತವೆ, ದೇಹ ಸೋಲುತ್ತದೆ. ಆದ್ದರಿಂದ ಮೊದಲಿಗೇ ಹೇಳಿಬಿಡೋಣ: ಶಸ್ತ್ರಚಿಕಿತ್ಸೆಯ ನಂತರ ಪಶ್ಚಾತ್ತಾಪ ಪಡುವುದು ತಪ್ಪಲ್ಲ, ಅದನ್ನು ಮುಚ್ಚಿಡುವುದು ಅಪಾಯ.

ಶಸ್ತ್ರಚಿಕಿತ್ಸೆಯಲ್ಲಿ ಆಗುವುದೇನು?

ಈ ಚಿಕಿತ್ಸೆ ಹೊಸದೇನಲ್ಲ. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಬೊಜ್ಜಿಗಾಗಿ ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್. ಅದು 1966ರ ಮಾತು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಮೊಟ್ಟೆಯ ಗಾತ್ರದ ಚಿಕ್ಕ ಚೀಲವನ್ನು ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇಂದು ಹೆಚ್ಚಾಗಿ ನಡೆಯುವ ಇನ್ನೊಂದು ವಿಧಾನ ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದುಹಾಕಿ, ಬಾಳೆಕಾಯಿಯ ಆಕಾರದ ಕಿರಿದಾದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ತೆಗೆದ ಭಾಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಆ ಭಾಗದಲ್ಲೇ ಹುಟ್ಟುವುದರಿಂದ ಹಸಿವೆಯೂ ಕೆಲಕಾಲ ಕುಗ್ಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ ಮಾಡುವ ಬೇರೆಯದೇ ಚಿಕಿತ್ಸೆ. ಬೊಜ್ಜಿನ ಶಸ್ತ್ರಚಿಕಿತ್ಸೆ ಅಂದಕ್ಕಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವಿಕೆಯಂಥ ತೊಂದರೆಗಳಿಂದ ಜೀವ ಉಳಿಸಿಕೊಳ್ಳುವುದಕ್ಕೆ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭಿಸಿ 4,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತೆಂದು ಅದು 2007ರಲ್ಲಿ ವರದಿ ಮಾಡಿತು. "ನಾನು ಮೂರ್ಖತನ ಮಾಡಿದೆನೇ?" ಎಂದು ಮನಸ್ಸು ಕೇಳಿದಾಗ ಇದನ್ನು ನೆನಪಿಡಿ.

ಪಶ್ಚಾತ್ತಾಪ ಏಕೆ ಬರುತ್ತದೆ?

ಮೊದಲ ಕಾರಣ ದೇಹವೇ. ಎರಡು ವಾರ ಬರೀ ದ್ರವ, ಆಮೇಲೆ ಅರೆದ ಆಹಾರ, ಮತ್ತೆ ಮೆತ್ತನೆಯದು. ಮಾಮೂಲು ಊಟದ ಕಡೆಗೆ ಬರುವಷ್ಟರಲ್ಲಿ ಆರರಿಂದ ಎಂಟು ವಾರಗಳು ಹಿಡಿಯುತ್ತವೆ. ದೇಹಕ್ಕೆ ಸಿಗುವ ಶಕ್ತಿ ಥಟ್ಟನೆ ಇಳಿದಿರುತ್ತದೆ. ಸುಸ್ತು, ಸಿಡುಕು, ಅಳು ಬರುವುದು ಸಹಜ. ಮೂರನೇ ತಿಂಗಳಿನಿಂದ ಆರನೇ ತಿಂಗಳವರೆಗೆ ಬಾಚಣಿಗೆ ತುಂಬ ಕೂದಲು ಉದುರಬಹುದು. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ. ಮೂರು, ನಾಲ್ಕನೇ ವಾರದಲ್ಲಿ ತೂಕ ಇಳಿಯುವುದು ಒಮ್ಮೆ ನಿಂತಂತೆ ಕಾಣುವುದೂ ಉಂಟು. "ಇಷ್ಟೆಲ್ಲ ಮಾಡಿಯೂ ಇಷ್ಟೇನಾ?" ಎಂದು ಹತಾಶರಾಗಬೇಡಿ. ತೂಕದ ಯಂತ್ರವನ್ನು ವಾರಕ್ಕೊಮ್ಮೆ ಮಾತ್ರ ಹತ್ತಿ.

ಎರಡನೆಯ ಕಾರಣ ಇನ್ನೂ ಆಳದ್ದು. ಊಟ ನಮಗೆ ಬರೀ ಊಟವಲ್ಲ. ಬೇಸರವಾದಾಗ ಅದೇ ಗೆಳತಿ, ಸಿಟ್ಟು ಬಂದಾಗ ಅದೇ ಸಮಾಧಾನ. ಸಂಜೆ ಬಳ್ಳಾರಿಯ ಬಂಡಿಯ ಮುಂದೆ ನಿಂತು ಸ್ನೇಹಿತರೊಡನೆ ಒಗ್ಗರಣೆ ಮಿರ್ಚಿ ತಿನ್ನುವವನಿಗೆ ಮಿರ್ಚಿಯಷ್ಟೇ ಆ ಹರಟೆಯೂ ಬೇಕು. ಶಸ್ತ್ರಚಿಕಿತ್ಸೆ ಜಠರವನ್ನು ಕಿರಿದು ಮಾಡುತ್ತದೆ, ಆದರೆ ಬೇಸರವನ್ನು ಕಿರಿದು ಮಾಡುವುದಿಲ್ಲ. ಅಷ್ಟು ವರ್ಷ ಜೊತೆಗಿದ್ದ ಸಂಗಾತಿ ಒಂದೇ ದಿನ ಎದ್ದುಹೋದಂತೆ ಭಾಸವಾಗುತ್ತದೆ. ಇದು ದುಃಖವೇ. ಅದಕ್ಕೆ ದುಃಖವೆಂದೇ ಹೆಸರಿಡಿ. "ನಾನು ಸೋತೆ" ಎಂದು ಹೆಸರಿಡಬೇಡಿ.

ಇದಕ್ಕೆ ಉಪಾಯ ಸರಳ. ತಿನ್ನುವ ಹೊತ್ತಿನಲ್ಲಿ ಸಿಗುತ್ತಿದ್ದ ಜನರನ್ನು ಬಿಡಬೇಡಿ, ಸೇರುವ ಜಾಗವನ್ನು ಬದಲಿಸಿ. ಬಂಡಿಯ ಮುಂದೆ ನಿಲ್ಲುತ್ತಿದ್ದ ಗೆಳೆಯರೊಡನೆ ಕೋಟೆಗುಡ್ಡದ ಕೆಳಗೆ ಅರ್ಧ ಗಂಟೆ ನಡೆಯಿರಿ. ಬೇಸರವಾದ ಹೊತ್ತಿಗೆ ಕೈಗೆ ಇನ್ನೊಂದು ಕೆಲಸ ಇರಲಿ.

ಮನೆ, ಓಣಿ, ನೆಂಟರು

ಕುರುಗೋಡಿನ ದೊಡ್ಡ ಬಸವೇಶ್ವರ ಜಾತ್ರೆಗೆ ನೆಂಟರ ಮನೆಗೆ ಹೋಗಿದ್ದೀರಿ. ಬಾಗಿಲಲ್ಲೇ ಶುರುವಾಗುತ್ತದೆ: "ಯಾಕವ್ವಾ, ಹಿಂಗ್ಯಾಕ ಸೊರಗಿದಿ? ಏನಾರ ಬ್ಯಾನಿ ಏನು?" ಎಲೆಯ ಮುಂದೆ ಕುಳಿತರೆ, "ಒಂದೇ ಹೋಳಿಗಿ ಉಣ್ಣಾಕ ಏನ್ ಆಗ್ತೈತಿ? ನಾವೇನ್ ವಿಷ ಹಾಕೀವೇನು?" ಪ್ರೀತಿಯ ಮಾತೇ ಅದು. ಆದರೆ ನಿಮಗೆ ಚುಚ್ಚುತ್ತದೆ.

ಎಲ್ಲರಿಗೂ ಎಲ್ಲವನ್ನೂ ವಿವರಿಸಬೇಕಾಗಿಲ್ಲ. "ಹೊಟ್ಟೆ ಆಪರೇಷನ್ ಆಗೈತಿ ಚಿಗವ್ವಾ, ಡಾಕ್ಟರು ಸ್ವಲ್ಪ ಸ್ವಲ್ಪ ತಿನ್ನು ಅಂದಾರ" ಎಂದರೆ ಸಾಕು, ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮನೆಯ ಒಬ್ಬರಿಗಾದರೂ ಪೂರ್ತಿ ವಿಷಯ ತಿಳಿದಿರಲಿ. ಮುಚ್ಚಿಡಬೇಕಾದ ಅವಮಾನವೂ ಇದರಲ್ಲಿ ಇಲ್ಲ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಈ ಬಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ದೇಶಕ್ಕೇ ತಿಳಿದ ಸಂಗತಿ.

ತೂಕ ಇಳಿದಂತೆ ಸಂಬಂಧಗಳ ತೂಕವೂ ಬದಲಾಗುತ್ತದೆ. ಹೆಂಡತಿ ಹೊಸ ಸೀರೆ ಉಟ್ಟು ಹೊರಗೆ ಹೊರಟರೆ ಗಂಡನಿಗೆ ಅಳುಕು, ಗಂಡ ಕನ್ನಡಿ ನೋಡಿಕೊಂಡರೆ ಹೆಂಡತಿಗೆ ಅನುಮಾನ. ಸ್ವೀಡನ್ ದೇಶದಲ್ಲೇ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಒಂಟಿಯಾಗಿದ್ದವರಲ್ಲಿ ಮದುವೆಗಳು ಹೆಚ್ಚಾದವು, ಮದುವೆಯಾದವರಲ್ಲಿ ವಿಚ್ಛೇದನಗಳೂ ಹೆಚ್ಚಾದವು. ನಮ್ಮ ಸಮಾಜ ಬೇರೆಯಿರಬಹುದು, ಮನಸ್ಸು ಬೇರೆಯಲ್ಲ. ಆದ್ದರಿಂದ ದಂಪತಿಗಳು ಒಟ್ಟಿಗೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಕನ್ನಡಿಯ ವಿಷಯ. ಜೀನ್ಸ್ ಹೊಲಿಗೆಗೆ ಹೆಸರಾದ ಊರು ನಮ್ಮ ಬಳ್ಳಾರಿ. ಇಲ್ಲಿ ಸೊಂಟದ ಅಳತೆ ಕಿರಿದು ಮಾಡಿಸುವುದು ಸುಲಭ, ಜೋತುಬಿದ್ದ ಚರ್ಮವನ್ನು ಕಿರಿದು ಮಾಡಿಸುವುದು ಸುಲಭವಲ್ಲ. ತೋಳು, ಹೊಟ್ಟೆ, ತೊಡೆಗಳ ಸಡಿಲ ಚರ್ಮವನ್ನು ಕಂಡು ಬಹಳ ಜನ ಎರಗಿದ ಮುದುಕಿಯಂತೆ ಕಾಣುತ್ತೇನೆಂದು ನೊಂದುಕೊಳ್ಳುತ್ತಾರೆ. ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಮೈಗೆ ಬಲ ಕೊಡುತ್ತದೆ, ಚರ್ಮವನ್ನು ಪೂರ್ತಿ ಬಿಗಿ ಮಾಡದು. ತೂಕ ಸ್ಥಿರವಾದ ಮೇಲೆ ಬೇಕಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಅವಸರ ಬೇಡ.

ಎಲ್ಲ ಸಂಕಟವೂ ಮನಸ್ಸಿನದಲ್ಲ

ಇದು ಈ ಲೇಖನದ ಅತಿ ಮುಖ್ಯ ಭಾಗ. "ನನ್ನದೇ ತಪ್ಪು, ಸಹಿಸಿಕೊಳ್ಳಬೇಕು" ಎಂದು ಪಶ್ಚಾತ್ತಾಪದಲ್ಲಿ ಮುಳುಗಿದವರು ನಿಜವಾದ ಕಾಯಿಲೆಯ ಸೂಚನೆಗಳನ್ನೂ ಸಹಿಸಿಕೊಂಡುಬಿಡುತ್ತಾರೆ.

ಮೊದಲ ವಾರಗಳಲ್ಲಿ ಜ್ವರ, ಎದೆಬಡಿತದ ವೇಗ, ಹೊಟ್ಟೆ ಅಥವಾ ಭುಜದಲ್ಲಿ ತೀವ್ರ ನೋವು, ಉಸಿರಾಟದ ತೊಂದರೆ ಕಂಡರೆ ಹೊಲಿಗೆಯ ಜಾಗದಲ್ಲಿ ಸೋರಿಕೆಯಾಗಿರಬಹುದು ಅಥವಾ ರಕ್ತ ಹೆಪ್ಪುಗಟ್ಟಿರಬಹುದು. ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಿ.

ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಥಯಾಮಿನ್ ಎಂಬ ಬಿ-1 ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಮಾತು ತಪ್ಪುವುದು ಇದರ ಲಕ್ಷಣ. ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಊರಿನ ಆಸ್ಪತ್ರೆಯಲ್ಲಿ ಸುಸ್ತಿಗೆಂದು ಗ್ಲೂಕೋಸ್ ಏರಿಸುವ ಮೊದಲು, "ನನಗೆ ಬೊಜ್ಜಿನ ಆಪರೇಷನ್ ಆಗಿದೆ, ಬಹಳ ವಾಂತಿಯಾಗಿದೆ, ಥಯಾಮಿನ್ ಬೇಕಾಗಬಹುದೇ?" ಎಂದು ತಪ್ಪದೆ ಕೇಳಿ. ಬರೀ ಗ್ಲೂಕೋಸ್ ಕೊಟ್ಟರೆ ಆ ಕೊರತೆ ಇನ್ನೂ ಬಿಗಡಾಯಿಸುತ್ತದೆ. ಆಪರೇಷನ್ನಿನ ಚೀಟಿಯ ಒಂದು ಪ್ರತಿ ಸದಾ ಚೀಲದಲ್ಲಿರಲಿ.

ಬೈಪಾಸ್ ಆದವರು ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ನಡುಕ, ಎದೆಬಡಿತ, ಭೇದಿಯಿಂದ ಬಳಲಬಹುದು. ಸಿಹಿ ನೇರವಾಗಿ ಕರುಳಿಗೆ ಇಳಿಯುವುದೇ ಕಾರಣ. ಸಿಹಿ ಬಿಟ್ಟರೆ ಇದು ತಪ್ಪುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಕೈಗೆ ಸಿಕ್ಕ ನೋವಿನ ಮಾತ್ರೆ ತಂದು ನುಂಗಬೇಡಿ. ಅವುಗಳಲ್ಲಿ ಹಲವು ಜಠರದ ಜೋಡಣೆಯಲ್ಲಿ ಹುಣ್ಣು ಮಾಡುತ್ತವೆ. ಮೊದಲಿಂದ ಸಕ್ಕರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಪ್ರಮಾಣ ಇಳಿಸಬೇಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಲಿ. ಹೆಣ್ಣುಮಕ್ಕಳು ಮೊದಲ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ಒಳ್ಳೆಯದು. ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೆಯಾಗದಿರಬಹುದು. ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಿ.

ಮದ್ಯದ ಬಗ್ಗೆ ಒಂದು ಎಚ್ಚರಿಕೆ. ಶಸ್ತ್ರಚಿಕಿತ್ಸೆಯ ನಂತರ ಮದ್ಯ ಬೇಗ ರಕ್ತಕ್ಕೆ ಏರುತ್ತದೆ. ಬೈಪಾಸ್ ಆದವರಲ್ಲಿ ಎರಡನೆಯ ವರ್ಷ ಕುಡಿತದ ಚಟ ಹೆಚ್ಚಿತೆಂದು 2012ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಊಟ ಬಿಟ್ಟುಹೋದ ಜಾಗದಲ್ಲಿ ಬಾಟಲಿ ಬಂದು ಕೂರದಂತೆ ನೋಡಿಕೊಳ್ಳಿ.

ದಿನದ ಬಾಳು

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ತಟ್ಟೆಯಲ್ಲಿ ಮೊದಲು ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನು, ಆಮೇಲೆ ಪಲ್ಯ, ಕೊನೆಗೆ ಅನ್ನ ಅಥವಾ ರೊಟ್ಟಿ. ಭತ್ತದ ಸೀಮೆಯಾದ ಸಿರುಗುಪ್ಪದವರಿಗೆ ಅನ್ನವನ್ನು ಕೊನೆಗಿಡುವುದು ಕಷ್ಟವೇ, ಆದರೂ ಅಭ್ಯಾಸವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅಂಟು ಅನ್ನ, ಒಣ ರೊಟ್ಟಿ ಹಲವರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ತುತ್ತನ್ನು ಚೆನ್ನಾಗಿ ಅಗಿಯಿರಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ. ಒಂದೂವರೆ, ಎರಡು ವರ್ಷಗಳ ನಂತರ ಸ್ವಲ್ಪ ತೂಕ ಮರಳುವುದು ಸಾಮಾನ್ಯ. ಅದು ನಿಮ್ಮ ಸೋಲಲ್ಲ, ವೈದ್ಯರನ್ನು ಮತ್ತೆ ಕಾಣಲು ಕರೆ.

ಬಳ್ಳಾರಿ ದೇಶಕ್ಕೆ ಕಲಿಸಿದ ಪಾಠ

ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ನಿದ್ದೆ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಸಾಯಬೇಕೆನಿಸಿದರೆ, ಅದು ಪಶ್ಚಾತ್ತಾಪವಲ್ಲ, ಕಾಯಿಲೆ. ಶಸ್ತ್ರಚಿಕಿತ್ಸೆಯ ನಂತರದ ಎರಡನೆಯ, ಮೂರನೆಯ ವರ್ಷಗಳಲ್ಲಿ, ಅದರಲ್ಲೂ ಮೊದಲಿಂದ ಮಾನಸಿಕ ತೊಂದರೆಯಿದ್ದವರಲ್ಲಿ, ತಮಗೆ ತಾವೇ ಹಾನಿ ಮಾಡಿಕೊಳ್ಳುವ ಪ್ರಸಂಗಗಳು ಹೆಚ್ಚಾಗುವುದು ಕೆನಡಾದ ಅಧ್ಯಯನದಲ್ಲಿ ಕಂಡುಬಂದಿದೆ. ಎಲ್ಲರೂ "ಎಷ್ಟು ಚೆಂದ ಆಗೀಯಲ್ಲ!" ಎನ್ನುತ್ತಿರುವ ಕಾಲವದು. ಆದ್ದರಿಂದಲೇ ಮನೆಯವರು ಆಗ ಎಚ್ಚರವಾಗಿರಬೇಕು.

ಇಂಥ ಚಿಕಿತ್ಸೆಗೆ ದೂರದ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಇದನ್ನು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಜಿಲ್ಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ತರಬೇತಿ ಕೊಟ್ಟಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಆ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ರಾತ್ರಿ ಹೊತ್ತಿನಲ್ಲಿ ಮನಸ್ಸು ಕುಸಿದರೆ 14416ಕ್ಕೆ ದೂರವಾಣಿ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಇದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನೂ ಶಸ್ತ್ರಚಿಕಿತ್ಸೆಯ ಯೋಚನೆಯಲ್ಲಿರುವವರು ಈ ಪುಟವನ್ನು ಮನೆಯವರೊಡನೆ ಕುಳಿತು ಓದಿ, ಆಮೇಲೆ ತೀರ್ಮಾನಿಸಿ. ಈಗಾಗಲೇ ಮಾಡಿಸಿಕೊಂಡವರಿಗೆ ಒಂದು ಮಾತು. ನಿಮ್ಮ ಪಶ್ಚಾತ್ತಾಪ ಪೂರ್ತಿ ಹೋಗದೆಯೂ ಇರಬಹುದು. ಕಳೆದ ಜಠರ ಮರಳುವುದಿಲ್ಲ, ಹಾಗೆಂದು ಸುಳ್ಳು ಧೈರ್ಯ ಹೇಳಲಾಗದು. ಆದರೆ ಮೊದಲ ತಿಂಗಳುಗಳ ಕತ್ತಲೆಯಲ್ಲಿ ನಿಂತು ಇಡೀ ಬದುಕನ್ನು ಅಳೆಯಬೇಡಿ. "ನಾನ್ಯಾಕ ಮಾಡಿಸಿಕೊಂಡೆ?" ಎಂಬ ಮಾತು ಇವತ್ತು ಬಂದರೆ, ಇವತ್ತೇ ಅದನ್ನು ಒಬ್ಬರ ಮುಂದೆ ಆಡಿಬಿಡಿ. ಮನೆಯವರ ಮುಂದೆ ಆಗದಿದ್ದರೆ ವೈದ್ಯರ ಮುಂದೆ. ಮಾತು ಹೊರಬಂದರೆ ಔಷಧಿಗೂ, ಆರೈಕೆಗೂ ದಾರಿಯಾಗುತ್ತದೆ.