ಬೆಳೆಯುವ ಕಾಲೂ ಬೆಳೆಯದ ಬೂಟೂ

ಜೂನ್ ತಿಂಗಳಲ್ಲಿ ಶಾಲೆ ಪ್ರಾರಂಭವಾಗುವ ಹೊತ್ತಿಗೆ ದಹಿಸರ್ ಸ್ಟೇಶನ್ನಿನ ಬಳಿಯ ಯಾವುದಾದರೊಂದು ಪಾದರಕ್ಷೆಯ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. "ಒಂದು ನಂಬರು ದೊಡ್ಡದೇ ಕೊಡಿ, ಬೆಳೆಯುವ ಕಾಲು" ಎಂಬ ಮಾತು ಮರಾಠಿಯಲ್ಲೋ ಗುಜರಾತಿಯಲ್ಲೋ ನಮ್ಮ ಕನ್ನಡದಲ್ಲೋ ಕಿವಿಗೆ ಬಿದ್ದೇ ಬೀಳುತ್ತದೆ. ಊರು ಬಿಟ್ಟು ಬಂದು ಮುಂಬಯಿಯಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಇದು ಶಾಸ್ತ್ರವಾಕ್ಯವೇ ಸರಿ. ನನ್ನ ತಂದೆ ನನಗೆ ಹಾಗೆಯೇ ಕೊಡಿಸಿದರು. ತುದಿಯಲ್ಲಿ ಹತ್ತಿ ತುರುಕಿ ಒಂದು ವರ್ಷ, ಹತ್ತಿ ತೆಗೆದು ಇನ್ನೊಂದು ವರ್ಷ. ನಾನೂ ಮಕ್ಕಳಿಗೆ ಹಾಗೆಯೇ ಕೊಡಿಸಿದೆ. ಈ ಶಾಸ್ತ್ರ ಎಲ್ಲಿ ಕೈಕೊಡುತ್ತದೆಂಬುದನ್ನು ನಾನು ಕಲಿತದ್ದು ಮಾತ್ರ ದಹಿಸರಿನಿಂದ ಬಹುದೂರದಲ್ಲಿ, ಹಿಮದ ಮೇಲೆ.

ಎರಡು ವರ್ಷಗಳ ಹಿಂದೆ ಚಳಿಗಾಲದಲ್ಲಿ ಸಂಸಾರ ಸಮೇತ ಮನಾಲಿಗೆ ಹೋಗಿದ್ದೆವು. ಹತ್ತಿರದ ಸೋಲಂಗ್ ಕಣಿವೆಯಲ್ಲಿ ಜನರು ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದನ್ನು ಕಂಡು, ಕಾಲೇಜಿಗೆ ಹೋಗುವ ನಮ್ಮ ಮಗಳು ತಾನೂ ಆಡಬೇಕೆಂದಳು. ಬಾಡಿಗೆಗೆ ಬೂಟು ಕೊಡುವವನು ನಂಬರು ಕೇಳಿದ. "ಆರು" ಎಂದೆವು. ಅವನು 26 ಎಂದು ಬರೆದ ಒಂದು ಜೊತೆಯನ್ನು ಮುಂದಿಟ್ಟ.

"ಅಪ್ಪಾ, ಒಳಗೆ ಕಾಲು ಅಲ್ಲಾಡುತ್ತದೆ" ಎಂದಳು ಮಗಳು.

"ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದೇ ಮಗಳೇ, ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೋ" ಎಂದವನು ಬೇರೆ ಯಾರೂ ಅಲ್ಲ, ನಾನೇ.

ಅರ್ಧ ಗಂಟೆಯೊಳಗೆ ಅವಳು ಬಿದ್ದಳು. ಮೊಣಕಾಲು ತಿರುಚಿತ್ತು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಒಂದು ತಿಂಗಳ ಕಾಲ ಅವಳು ದಹಿಸರ್ ಸ್ಟೇಶನ್ನಿನ ಸೇತುವೆಯನ್ನು ಕಂಬಿ ಹಿಡಿದು ಹತ್ತುವುದನ್ನು ನೋಡುವಾಗಲೆಲ್ಲ, ನಾನು ಹೇಳಿದ ಆ ಮಾತು ನನ್ನನ್ನೇ ಚುಚ್ಚುತ್ತಿತ್ತು.

ಆಮೇಲೆ ತಿಳಿದವರನ್ನು ಕೇಳಿದಾಗ ಅರ್ಥವಾಯಿತು. ಇಳಿಜಾರಿನ ಸ್ಕೀಯಲ್ಲಿ ಬೂಟೇ ಚುಕ್ಕಾಣಿ. ಕಾಲು ತಿರುಗಿದರೆ ಬೂಟು ತಿರುಗಬೇಕು, ಬೂಟು ತಿರುಗಿದರೆ ಪಟ್ಟಿ ತಿರುಗಬೇಕು. ಬೂಟಿನಲ್ಲಿ ಕಾಲು ಸಡಿಲವಾದರೆ ಹ್ಯಾಂಡಲ್ ಸಡಿಲವಾದ ಸೈಕಲ್ಲಿನ ಗತಿಯೇ. ಹಿಂದೆ ಈ ಬೂಟುಗಳು ಚರ್ಮದವಾಗಿದ್ದು, ನಾಲ್ಕು ದಿನ ಹಾಕಿದರೆ ಕಾಲಿಗೆ ಒಗ್ಗುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಜ್ ಎಂಬಾತನು ಪ್ಲಾಸ್ಟಿಕ್ ಬೂಟನ್ನು ತಂದ ಮೇಲೆ ಆ ಕಾಲ ಹೋಯಿತು. ಪ್ಲಾಸ್ಟಿಕ್ಕಿನ ಚಿಪ್ಪು ತಾನಾಗಿ ಒಗ್ಗುವುದಿಲ್ಲ. ಒಳಗಿನ ಮೆತ್ತನೆಯ ಚೀಲವಾದರೋ ಬಳಸಿದಂತೆ ಅಮರಿ ಇನ್ನಷ್ಟು ಸಡಿಲವಾಗುತ್ತದೆ. ಆದುದರಿಂದ ಮೊದಲ ದಿನ ಹಿತವಾಗಿ ಬಿಗಿಯಾಗಿರುವುದೇ ಸರಿಯಾದ ಬೂಟು.

ಇನ್ನು ನಂಬರಿನ ವಿಚಾರ. ನಮ್ಮ ಅಂಗಡಿಗಳ ಬ್ರಿಟಿಷ್ ಪದ್ಧತಿಯಲ್ಲಿ ಒಂದು ನಂಬರಿನಿಂದ ಇನ್ನೊಂದಕ್ಕೆ ಅಂಗುಲದ ಮೂರನೆಯ ಒಂದು ಪಾಲು, ಎಂದರೆ ಸುಮಾರು 8.5 ಮಿಲಿಮೀಟರು ವ್ಯತ್ಯಾಸ. ಯುರೋಪಿನ ಪದ್ಧತಿಯಲ್ಲಿ ಸೆಂಟಿಮೀಟರಿನ ಮೂರನೆಯ ಎರಡು ಪಾಲು. ಸ್ಕೀ ಬೂಟಿಗೆ ಇವೆರಡೂ ಅಲ್ಲ. ಅದರ ಪದ್ಧತಿಗೆ ಮಾಂಡೋಪಾಯಿಂಟ್ ಎಂದು ಹೆಸರು. ಅದು ಬಹಳ ಸುಲಭ: ಕಾಲಿನ ಉದ್ದ ಎಷ್ಟು ಸೆಂಟಿಮೀಟರೋ ಅದೇ ನಂಬರು. ಸಾಮಾನ್ಯವಾಗಿ 24 ಮತ್ತು 24.5 ನಂಬರುಗಳಿಗೆ ಹೊರಚಿಪ್ಪು ಒಂದೇ ಇರುತ್ತದೆ.

ಅಳೆಯುವ ಕ್ರಮ ಹೀಗಿದೆ. ಸಂಜೆಯ ಹೊತ್ತು ಕಾಲು ತುಸು ಊದಿರುತ್ತದೆ, ಆಗಲೇ ಅಳೆಯಿರಿ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಮೈಭಾರವೆಲ್ಲ ಆ ಕಾಲಿನ ಮೇಲೆ ಬೀಳುವಂತೆ ನಿಲ್ಲಬೇಕು. ಅತ್ಯಂತ ಉದ್ದನೆಯ ಬೆರಳಿನ ತುದಿಯಲ್ಲಿ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಗುರುತು ಮಾಡಿರಿ. ಎರಡು ಕಾಲುಗಳೂ ಸಮವಾಗಿರುವುದು ಅಪರೂಪ, ಎರಡನ್ನೂ ಅಳೆಯಿರಿ. ನಮ್ಮ ಮಗಳ ಎಡಗಾಲು 24.2, ಬಲಗಾಲು 23.9. ಅಂದು ಅವಳು ಮೆಟ್ಟಿದ್ದ ಬೂಟು ಸುಮಾರು ಎರಡು ಸೆಂಟಿಮೀಟರು ದೊಡ್ಡದಾಗಿತ್ತೆಂದು ಆಗ ತಿಳಿಯಿತು.

ನಂಬರು ಗೊತ್ತಾದ ಮೇಲೂ ಪರೀಕ್ಷೆ ಉಂಟು. ಮೊದಲು ಒಳಚೀಲವನ್ನು ಹೊರತೆಗೆದು ಬರಿಯ ಚಿಪ್ಪಿನಲ್ಲಿ ಕಾಲಿಡಬೇಕು. ಬೆರಳು ಮುಂದಕ್ಕೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರು ಜಾಗವಿದ್ದರೆ ಹೊಸಬರಿಗೆ ಸರಿ. ಬಳಿಕ ಒಳಚೀಲ ಸೇರಿಸಿ, ಮೊಣಕಾಲಿನವರೆಗಿನ ತೆಳುವಾದ ಒಂದೇ ಕಾಲುಚೀಲ ಹಾಕಿ ಬೂಟು ಮೆಟ್ಟಬೇಕು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ ಬಕಲು ಹಾಕಿರಿ. ನೆಟ್ಟಗೆ ನಿಂತರೆ ಬೆರಳು ಮುಂದಕ್ಕೆ ಮೆಲ್ಲನೆ ತಾಗಬೇಕು; ಮೊಣಕಾಲು ಮಡಿಸಿ ಮುಂದಕ್ಕೆ ಬಾಗಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಕೂಡದು. ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ, ಮಡಿಕೆ ಚರ್ಮವನ್ನು ಒತ್ತುತ್ತದೆ. ಹದಿನೈದು ನಿಮಿಷ ಹಾಗೆಯೇ ನಿಂತು ನೋಡಿ. ಕಾಲು ಜೋಮು ಹಿಡಿದರೆ ಆ ಜೊತೆ ಬೇಡ. ರಕ್ತ ಹರಿಯದ ಕಾಲು ಹಿಮದಲ್ಲಿ ಬೇಗನೆ ಮರಗಟ್ಟುತ್ತದೆ.

ಉದ್ದ ಸರಿಯಿದ್ದೂ ಅಕ್ಕಪಕ್ಕ ಹಿಂಡುವುದುಂಟು. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಕಾಲುಗಳನ್ನು ಅಳೆದರು. ನಮ್ಮವರ ಪಾದ ಯುರೋಪಿನವರ ಪಾದಕ್ಕಿಂತ ಅಗಲವೆಂದು ಕಂಡುಬಂದು, 'ಭ' ಎಂಬ ನಮ್ಮದೇ ಅಳತೆಯ ಪದ್ಧತಿಯನ್ನು ಅವರು ಸೂಚಿಸಿದ್ದಾರೆ. ಕಾಲು ಅಗಲವಾಗಿದ್ದರೆ ಅಗಲದ ಬೂಟನ್ನೇ ಕೇಳಬೇಕು. ಉದ್ದದ ನಂಬರು ಏರಿಸುವುದು ಪರಿಹಾರವಲ್ಲ. ನಾವು ಎಡವುವುದು ಇಲ್ಲಿಯೇ.

ಹಿಮದ ಆಟ ಕನ್ನಡಿಗರಿಗೇಕೆ ಎನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಲಿ. 2024ರಲ್ಲಿ ಗುಲ್ಮಾರ್ಗಿನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಆಕೆ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಆಕೆಯದು ಸಮತಟ್ಟಿನಲ್ಲೂ ಏರಿನಲ್ಲೂ ದೂರ ಸಾಗುವ ಸ್ಕೀ. ಅದರ ಬೂಟು ಹಗುರ, ಹೆಜ್ಜೆಹೆಜ್ಜೆಗೂ ಹಿಮ್ಮಡಿ ಪಟ್ಟಿಯಿಂದ ಮೇಲೇಳುತ್ತದೆ. ಆಟ ಬೇರೆಯಾದರೆ ಬೂಟೂ ಬೇರೆ.

ಮಗಳು ಈ ಚಳಿಗಾಲದಲ್ಲಿ ಮತ್ತೆ ಹೊರಟಿದ್ದಾಳೆ. ಈ ಸಲ 1961ರಲ್ಲಿ ಸ್ಥಾಪನೆಯಾದ ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲಿ ಕ್ರಮವಾಗಿ ಕಲಿಯುವ ಆಸೆ ಅವಳಿಗೆ. ಮನೆಯಾಕೆಗೆ ಭಯ, ನನಗೂ ಇಲ್ಲದಿಲ್ಲ. ಕಾಲು ಅಳೆದ ಕಾಗದವನ್ನು ಮಡಿಸಿ ಅವಳ ಪರ್ಸಿನಲ್ಲಿ ಇಟ್ಟಿದ್ದೇನೆ. ಬೂಟು ಕೊಡುವವರು ನಂಬರು ಕೇಳಿದರೆ ಆ ಕಾಗದ ತೋರಿಸಬೇಕು, ಒಳಗೆ ಕಾಲು ಅಲ್ಲಾಡಿದರೆ ಯಾರು ಏನೆಂದರೂ ಬೇರೆ ಜೊತೆ ಕೇಳಬೇಕು ಎಂದು ಹೇಳಿದ್ದೇನೆ.

"ಅಪ್ಪ ಬೇಡವೆಂದರೂ?" ಎಂದು ನಕ್ಕಳು.

"ಅಪ್ಪ ಬೇಡವೆಂದರೂ" ಎಂದೆ.