ಒಂದು ಪಾನ್ ಕಡಿಮೆ, ಆದರೂ ಅರ್ಧ ಅಂಕ

ಮೊಬೈಲ್‌ನಲ್ಲಿ ಮೂರು ನಿಮಿಷದ ಚೆಸ್ ಆಡೋರು ನಮ್ಮಲ್ಲಿ ಬೇಕಾದಷ್ಟು ಜನ. ಸೋತರೆ ಇನ್ನೊಂದು ಆಟ, ಅಷ್ಟೇ. ಟೂರ್ನಮೆಂಟ್ ಹಾಗಲ್ಲ. ನಾನು ಆಡಿದ್ದರಲ್ಲಿ ಒಬ್ಬೊಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಹೆಚ್ಚುವರಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಫೋನ್ ಹೊರಗೆ.

ಬೆಂಗಳೂರಿನ ಒಂದು ಶಾಲೆಯ ಹಾಲ್‌ನಲ್ಲಿ ಕೊನೇ ಸುತ್ತಿಗೆ ಕೂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಸಂಖ್ಯೆ: 1400. ಫಿಡೆ ರೇಟಿಂಗ್ ಸಿಗಬೇಕಾದರೆ ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಿರಬೇಕು. ಲೆಕ್ಕ 1400ರ ಕೆಳಗೆ ಬಂದರೆ ಪಟ್ಟಿಯಲ್ಲಿ ಹೆಸರೇ ಬರಲ್ಲ. ನನಗಿದು ಐದನೆಯ ಆಟ. ಹಿಂದಿನ ನಾಲ್ಕರಲ್ಲಿ ಸಿಕ್ಕಿದ್ದು ಬರೀ ಅರ್ಧ ಅಂಕ. ಹಿಂದಿನ ರಾತ್ರಿ ಲೆಕ್ಕ ಹಾಕಿದ್ದೆ: ಡ್ರಾ ಆದರೆ 1400 ದಾಟುತ್ತೆ, ಸೋತರೆ ಇಲ್ಲ.

ಎದುರಿಗೆ ಬಿಳಿ ಕಾಯಿಯಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಅವಸರವೇ ಇಲ್ಲದ, ಗಟ್ಟಿ ಆಟ. ಮೂರು ಗಂಟೆ ಕಳೆಯುವಷ್ಟರಲ್ಲಿ ಬೋರ್ಡ್ ಮೇಲೆ ಉಳಿದದ್ದು ಇಬ್ಬರ ರಾಜ, ಒಂದೊಂದು ಆನೆ, ಜೊತೆಗೆ ಅವರದೊಂದು ಪಾನ್. ಆಟ ಮುಗಿಸಿ ಬಂದು ನಿಂತ ಹುಡುಗನೊಬ್ಬ 'ಕಪ್ಪು ಹೋಯ್ತು' ಅನ್ನೋ ಮುಖ ಮಾಡಿದ.

ಹೋಗಿರಲಿಲ್ಲ. ಫಿಲಿಡೋರ್ 18ನೇ ಶತಮಾನದ ಫ್ರೆಂಚ್ ಸಂಗೀತ ಸಂಯೋಜಕ, ಚೆಸ್‌ನಲ್ಲೂ ದೊಡ್ಡ ಹೆಸರು. ಆತನ ಹೆಸರಿನ ರಕ್ಷಣೆಯೊಂದಿದೆ. ನಮ್ಮ ರಾಜ ಪಾನಿನ ದಾರಿಗೆ ಅಡ್ಡ ನಿಲ್ಲಬೇಕು. ಆನೆ ನಮ್ಮ ಕಡೆಯಿಂದ ಮೂರನೇ ಸಾಲನ್ನು ಕಾಯಬೇಕು. ಆಗ ಎದುರಾಳಿಯ ರಾಜ ಮುಂದೆ ಬರೋಕಾಗಲ್ಲ. ಪಾನ್ ಆ ಸಾಲಿಗೆ ಕಾಲಿಟ್ಟ ತಕ್ಷಣ ಆನೆ ಬೋರ್ಡಿನ ಆ ತುದಿಗೆ ಓಡಿ, ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಪಾನ್ ಮುಂದೆ ಹೋಗಿರೋದರಿಂದ ಅವರ ರಾಜನಿಗೆ ಅಡಗೋಕೆ ಜಾಗವೇ ಇರಲ್ಲ.

ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ, ಕೈ ಬೆವರುತ್ತಿತ್ತು. ಅವರು ಪಾನ್ ತಳ್ಳಿದರು. ನನ್ನ ಆನೆ ಓಡಿತು. ಚೆಕ್. ಮತ್ತೆ ಚೆಕ್. ಐದನೇ ಚೆಕ್ ಆದ ಮೇಲೆ ಅವರು ರಾಜನನ್ನು ಸರಿಸಿ, ಗಡಿಯಾರ ಒತ್ತುವ ಮೊದಲು, "ಡ್ರಾ?" ಅಂದರು. ಕೈ ಕುಲುಕಿದೆ.

ಹೊರಗೆ ಅವರೇ ಕಾಯಿ ಜೋಡಿಸಿ, "ನಾನು ಪಾನ್ ತಳ್ಳದೆ ಕಾದಿದ್ರೆ?" ಅಂತ ಕೇಳಿದರು. ಆನೆಯನ್ನು ಅದೇ ಸಾಲಿನಲ್ಲಿ ಅತ್ತಿತ್ತ ಸರಿಸಿ ತೋರಿಸಿದೆ. "ಇಷ್ಟೇನಾ! ಮೊಮ್ಮಗಳಿಗೆ ಹೇಳ್ಕೊಡ್ತೀನಿ" ಅಂದು ನಕ್ಕರು.

ನಾವೆಲ್ಲ ಓಪನಿಂಗ್ ವಿಡಿಯೋಗಳನ್ನು ರಾಶಿ ರಾಶಿ ನೋಡ್ತೀವಿ. ಸುಸ್ತಾಗಿ, 30 ಸೆಕೆಂಡ್‌ನಲ್ಲಿ ಬದುಕುವಾಗ ಕೈ ಹಿಡಿಯೋದು ಪೂರ್ತಿ ಗೊತ್ತಿರುವ ಒಂದೇ ಒಂದು ವಿಷಯ. ಈ ಭಾನುವಾರ ಕಾಲು ಗಂಟೆ ಕೊಟ್ಟು ಇದನ್ನು ಕಲಿತುಬಿಡಿ.