ಲೋಕ ಮುಗಿಯುವ ಕತೆಗಳಲ್ಲಿ ಮನುಷ್ಯನ ಮುಖ

1962ರ ಫೆಬ್ರುವರಿ ಮೊದಲ ವಾರ. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆ, ಅಲ್ಲಿಗೆ ಲೋಕದ ಕತೆ ಮುಗಿಯಿತು ಎಂಬ ಸುದ್ದಿ ಭಾರತದ ಊರೂರುಗಳಲ್ಲಿ ಹಬ್ಬಿತ್ತು. ಅಷ್ಟಗ್ರಹ ಕೂಟದ ಶಾಂತಿಗಾಗಿ ಹೋಮ, ಹವನ, ಭಜನೆಗಳು ನಡೆದವು. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಜನ ಹೆದರಿದರು. ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರ ಹಾಗೂ ಪಶ್ಚಿಮ ಆಸ್ಟ್ರೇಲಿಯದಲ್ಲಿ. 2012ರ ಡಿಸೆಂಬರ್ 21ಕ್ಕೆ ಮಾಯಾ ಜನಾಂಗದ ಪಂಚಾಂಗ ಮುಗಿಯುತ್ತದೆ, ಜೊತೆಗೆ ಪ್ರಪಂಚವೂ ಮುಗಿಯುತ್ತದೆ ಎಂಬ ಗುಲ್ಲೆದ್ದಿತು. ಮೂರು ಸಲವೂ ಮರುದಿನ ಎಂದಿನಂತೆ ಬೆಳಗಾಯಿತು.

ಈ ಭಯಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ. ಆಪತ್ತು ಬರುವುದು ಮೇಲಿನಿಂದ. ಮನುಷ್ಯನ ಪಾತ್ರ ಅದರಲ್ಲಿ ಏನೂ ಇಲ್ಲ. ಇನ್ನೂರು ವರ್ಷಗಳಿಂದ ಲೋಕದ ಕೊನೆಯ ಬಗ್ಗೆ ಬರೆಯುತ್ತ ಬಂದಿರುವ ವೈಜ್ಞಾನಿಕ ಕತೆಗಾರರು ಹೇಳುವುದು ಬೇರೆ ಮಾತು. ಅವರ ಕತೆಗಳಲ್ಲೂ ಆಪತ್ತು ಹೊರಗಿನಿಂದ ಬರುವುದುಂಟು. ಆದರೆ ಅದಕ್ಕೆ ಬಾಗಿಲು ತೆಗೆಯುವವನು, ಬಂದ ಮೇಲೆ ಅದನ್ನು ಇಮ್ಮಡಿ ಮಾಡುವವನು ಮನುಷ್ಯನೇ. ಕಾಲಕ್ಕೆ ತಕ್ಕಂತೆ ಭಯದ ವೇಷ ಬದಲಾಗಿದೆ. ದುರಾಸೆ, ಅಹಂಕಾರ, ನಮಗೇನೂ ಆಗದು ಎಂಬ ಉದಾಸೀನ ಮಾತ್ರ ಹಾಗೆಯೇ ಉಳಿದಿವೆ.

ಕೊನೆಯ ಮನುಷ್ಯ

1815ರಲ್ಲಿ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಪರಿಣಾಮವಾಗಿ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಆ ಮಳೆ, ಚಳಿಯಲ್ಲಿ ಜಿನೀವಾ ಸರೋವರದ ಬಳಿ ತಂಗಿದ್ದ ಗೆಳೆಯರ ಗುಂಪಿನಲ್ಲಿ ಕವಿ ಬೈರನ್ ಇದ್ದ, ಹದಿನೆಂಟರ ಹುಡುಗಿ ಮೇರಿ ಶೆಲ್ಲಿಯೂ ಇದ್ದಳು. ಅವಳ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಅಲ್ಲಿ. ಅದಕ್ಕಿಂತ ಕಡಿಮೆ ಪ್ರಸಿದ್ಧಿ ಪಡೆದ ಅವಳ ಇನ್ನೊಂದು ಕಾದಂಬರಿ ‘ದಿ ಲಾಸ್ಟ್ ಮ್ಯಾನ್’ 1826ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಮೇರಿ ಮೂವರು ಮಕ್ಕಳನ್ನೂ ಗಂಡನನ್ನೂ ಕಳೆದುಕೊಂಡಿದ್ದಳು. ಬೈರನ್ ಕೂಡ ತೀರಿಕೊಂಡಿದ್ದ.

ಕತೆ ನಡೆಯುವುದು ಇಪ್ಪತ್ತೊಂದನೇ ಶತಮಾನದ ಕೊನೆಯಲ್ಲಿ. ಮಹಾಮಾರಿಯೊಂದು ದೇಶದಿಂದ ದೇಶಕ್ಕೆ ಹಬ್ಬುತ್ತದೆ. ಸುತ್ತ ಸಮುದ್ರವಿದೆ, ತಮಗೇನೂ ಆಗದು ಎಂದು ಇಂಗ್ಲಿಷರು ನೆಮ್ಮದಿಯಿಂದಿರುತ್ತಾರೆ. ರೋಗ ಸಮುದ್ರ ದಾಟಿ ಬಂದೇ ಬರುತ್ತದೆ. ಅಳಿದುಳಿದವರು ಫ್ರಾನ್ಸ್ ತಲುಪಿದಾಗ ಅಲ್ಲೊಬ್ಬ ಕಪಟ ಪ್ರವಾದಿ ಎದ್ದಿರುತ್ತಾನೆ. ತನ್ನನ್ನು ನಂಬಿದವರಿಗೆ ರೋಗ ತಟ್ಟದು ಎಂಬುದು ಅವನ ಭರವಸೆ. ತನ್ನ ಗುಂಪಿನಲ್ಲಿ ಸತ್ತವರ ಸುದ್ದಿ ಹೊರಬೀಳದಂತೆ ಬಚ್ಚಿಡುವುದು ಅವನ ಕಸುಬು. ಸಾವಿನ ನಡುವೆಯೂ ಅಧಿಕಾರದ ಆಸೆ ಸಾಯುವುದಿಲ್ಲ.

ನಾಣ್ಯ ಬಿಡದ ಕೈ

ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕ ರೂಪದಲ್ಲಿ ಬಂದದ್ದು 1898ರಲ್ಲಿ. ಬ್ರಿಟಿಷ್ ಸಾಮ್ರಾಜ್ಯ ತುತ್ತತುದಿಯಲ್ಲಿದ್ದ ಕಾಲ ಅದು. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದ ಮೂಲನಿವಾಸಿಗಳನ್ನು ಯೂರೋಪಿನಿಂದ ಬಂದವರು ನಾಶ ಮಾಡಿದ ವಿಷಯ ವೆಲ್ಸ್ ಮತ್ತು ಅವನ ಅಣ್ಣ ಫ್ರಾಂಕ್ ನಡುವಿನ ಮಾತಿನಲ್ಲಿ ಬಂದಿತ್ತು. ನಮ್ಮ ಮೇಲೂ ಯಾರಾದರೂ ಹಾಗೆಯೇ ಬಂದು ಎರಗಿದರೆ? ಕತೆಗೆ ಬೀಜ ಬಿದ್ದದ್ದು ಈ ಪ್ರಶ್ನೆಯಲ್ಲಿ. ಮಂಗಳ ಗ್ರಹದವರು ಲಂಡನ್ನಿಗೆ ಮಾಡಿದ್ದನ್ನೇ ಇಂಗ್ಲೆಂಡ್ ಬೇರೆಯವರಿಗೆ ಮಾಡಿದೆ ಎಂದು ಮೊದಲ ಅಧ್ಯಾಯದಲ್ಲೇ ವೆಲ್ಸ್ ಓದುಗರಿಗೆ ನೆನಪಿಸುತ್ತಾನೆ.

ಜನ ಲಂಡನ್ ಬಿಟ್ಟು ಓಡುವ ಅಧ್ಯಾಯದಲ್ಲಿ ಒಂದು ದೃಶ್ಯವಿದೆ. ಒಬ್ಬನ ಚೀಲ ಹರಿದು ಚಿನ್ನದ ನಾಣ್ಯಗಳು ರಸ್ತೆಯ ತುಂಬ ಚೆಲ್ಲುತ್ತವೆ. ಗಾಡಿಗಳ ನಡುವೆ ಬಗ್ಗಿ ಅವನು ನಾಣ್ಯ ಬಾಚಿಕೊಳ್ಳುತ್ತಾನೆ. ಚಕ್ರವೊಂದು ಅವನ ಬೆನ್ನಿನ ಮೇಲೆ ಹಾಯುತ್ತದೆ. ಎಳೆದು ಉಳಿಸಲು ಹೋದವನ ಕೈಯನ್ನೇ ಅವನು ಕಚ್ಚುತ್ತಾನೆ, ನಾಣ್ಯ ಮಾತ್ರ ಬಿಡುವುದಿಲ್ಲ. ಮಂಗಳದವರ ಯಂತ್ರಗಳಿಗಿಂತ ಈ ಮನುಷ್ಯನೇ ಓದುಗರ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯುತ್ತಾನೆ.

ಶತ್ರುವಿಗೆ ಸಾಲ ಕೊಟ್ಟವರು

ಲೋಕವಿನಾಶದಲ್ಲಿ ವ್ಯಾಪಾರದ ಪಾಲು ಎಷ್ಟು ಎಂಬುದನ್ನು ಚೆಕ್ ಲೇಖಕ ಕರೆಲ್ ಚಾಪೆಕ್‌ನಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ. ‘ರೋಬೊ’ ಎಂದು ನಾವು ಕರೆಯುವ ಯಂತ್ರಕ್ಕೆ ಆ ಹೆಸರು ಬಂದದ್ದು ಅವನ 1920ರ ನಾಟಕದಿಂದ. ಚೆಕ್ ಭಾಷೆಯಲ್ಲಿ ‘ರೊಬೊಟ’ ಎಂದರೆ ಬಿಟ್ಟಿ ಚಾಕರಿ. ಆ ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್.

ವೃತ್ತಿಯಿಂದ ಪತ್ರಕರ್ತನಾಗಿದ್ದ ಚಾಪೆಕ್‌ನ ‘ವಾರ್ ವಿತ್ ದಿ ನ್ಯೂಟ್ಸ್’ ಪುಸ್ತಕವಾಗಿ ಬಂದದ್ದು 1936ರಲ್ಲಿ. ಸುಮಾತ್ರಾ ಬಳಿಯ ದ್ವೀಪವೊಂದರಲ್ಲಿ ಹಡಗಿನ ಕಪ್ತಾನನೊಬ್ಬನಿಗೆ ಹಲ್ಲಿಯನ್ನು ಹೋಲುವ, ಬುದ್ಧಿಯುಳ್ಳ ನೀರಿನ ಪ್ರಾಣಿಗಳು ಕಾಣಿಸುತ್ತವೆ. ಅವು ಮುತ್ತು ತಂದುಕೊಡುತ್ತವೆ. ಶಾರ್ಕ್ ಮೀನುಗಳನ್ನು ಎದುರಿಸಲು ಅವನು ಅವಕ್ಕೆ ಚೂರಿ ಕೊಡುತ್ತಾನೆ. ಬಂಡವಾಳ ಬೇಕಾಗಿ ಪ್ರಾಗ್ ನಗರದ ಉದ್ಯಮಿಯೊಬ್ಬನ ಮನೆಗೆ ಬರುತ್ತಾನೆ. ಒಳಗೆ ಬಿಡಬೇಕೋ ಬೇಡವೋ ಎಂದು ಯೋಚಿಸಿ ಬಾಗಿಲು ತೆಗೆಯುವವನು ಪೊವೊಂದ್ರ ಎಂಬ ದ್ವಾರಪಾಲಕ.

ಮುಂದಿನದೆಲ್ಲ ಲೆಕ್ಕಾಚಾರ. ಪ್ರಾಣಿಗಳನ್ನು ಸಾಕಿ, ದರ ಕಟ್ಟಿ ಮಾರಲು ಕಂಪನಿ ಹುಟ್ಟುತ್ತದೆ. ಅಣೆಕಟ್ಟು, ಬಂದರುಗಳ ಕೆಲಸಕ್ಕೆ ಲಕ್ಷಗಟ್ಟಲೆ ನ್ಯೂಟ್‌ಗಳು ಬರುತ್ತವೆ. ತನ್ನ ಕರಾವಳಿಯ ರಕ್ಷಣೆಗೆಂದು ಪ್ರತಿಯೊಂದು ದೇಶವೂ ಅವಕ್ಕೆ ಆಯುಧ ಕೊಡುತ್ತದೆ, ಪಕ್ಕದ ದೇಶ ಕೊಟ್ಟಿದೆಯಲ್ಲ ಎಂಬ ಕಾರಣಕ್ಕೆ. ಸಂಖ್ಯೆ ಬೆಳೆದ ಮೇಲೆ ಅವಕ್ಕೆ ಇನ್ನಷ್ಟು ಸಮುದ್ರತೀರ ಬೇಕಾಗುತ್ತದೆ. ಅದಕ್ಕಾಗಿ ನೆಲವನ್ನೇ ಸ್ಫೋಟಿಸಿ ಮುಳುಗಿಸುತ್ತ ಬರುತ್ತವೆ. ಆಗಲೂ ಅವಕ್ಕೆ ಮದ್ದುಗುಂಡು ಪೂರೈಸುವುದನ್ನು ಕಾರ್ಖಾನೆಗಳಾಗಲಿ, ಸಾಲ ಕೊಡುವುದನ್ನು ಬ್ಯಾಂಕುಗಳಾಗಲಿ ನಿಲ್ಲಿಸುವುದಿಲ್ಲ. ರಾಷ್ಟ್ರಗಳು ಸಮ್ಮೇಳನ ಸೇರಿ ತಮ್ಮ ನೆಲದ ಬದಲು ಚೀನಾದ ನೆಲ ಕೊಡಬಹುದೇ ಎಂದು ಚರ್ಚಿಸುತ್ತವೆ.

ಬರೆದದ್ದು ಕತೆ. ಆದರೆ ಎರಡೇ ವರ್ಷಗಳಲ್ಲಿ, 1938ರ ಸೆಪ್ಟೆಂಬರಿನಲ್ಲಿ, ಮ್ಯೂನಿಕ್ ನಗರದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಚೆಕೊಸ್ಲೊವಾಕಿಯದ ನೆಲವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ಅದೇ ಡಿಸೆಂಬರ್ 25ರಂದು ಚಾಪೆಕ್ ತೀರಿಕೊಂಡ. ಮರುವರ್ಷ ಪ್ರಾಗ್ ಹೊಕ್ಕ ನಾಜಿ ಪೊಲೀಸರು ಅವನನ್ನು ಬಂಧಿಸಲು ಮನೆಗೆ ಬಂದರು. ಅವನು ಸತ್ತದ್ದು ಅವರಿಗೆ ತಿಳಿದಿರಲಿಲ್ಲ. ಅಣ್ಣ ಯೋಸೆಫ್ 1945ರಲ್ಲಿ ಜರ್ಮನಿಯ ಸೆರೆಶಿಬಿರದಲ್ಲಿ ಸತ್ತ.

ಬೂದಿ ಸುರಿದ ಸಮುದ್ರ

ಹಿರೋಷಿಮಾದ ನಂತರ ಭಯಕ್ಕೆ ಹೊಸ ರೂಪ ಬಂತು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬು ಪರೀಕ್ಷಿಸಿತು. ದೂರದಲ್ಲಿದ್ದ ಜಪಾನಿನ ಮೀನುಗಾರಿಕೆ ದೋಣಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು, ಒಬ್ಬ ಸತ್ತ. ಅದೇ ನವೆಂಬರಿನಲ್ಲಿ ತೆರೆಕಂಡ ‘ಗಾಡ್ಜಿಲ್ಲಾ’ ಚಿತ್ರ ಶುರುವಾಗುವುದು ದೋಣಿಯೊಂದರ ದುರಂತದಿಂದಲೇ. ಬಾಂಬು ಪರೀಕ್ಷೆ ಕೆಣಕಿದ ದೈತ್ಯ ಪ್ರಾಣಿ ಟೋಕಿಯೊವನ್ನು ತುಳಿಯುತ್ತದೆ.

ಆ ಚಿತ್ರದಲ್ಲಿ ಸೆರಿಜಾವಾ ಎಂಬ ವಿಜ್ಞಾನಿಯ ಬಳಿ ಪ್ರಾಣಿಯನ್ನು ಕೊಲ್ಲಬಲ್ಲ ಆಯುಧವಿದೆ. ಅವನ ಭಯ ಪ್ರಾಣಿಯದಲ್ಲ, ತನ್ನ ಆಯುಧ ರಾಜಕಾರಣಿಗಳ ಕೈ ಸೇರೀತು ಎಂಬುದು. ಕೊನೆಗೆ ಎಲ್ಲ ಕಾಗದಪತ್ರಗಳನ್ನೂ ಸುಟ್ಟು, ಒಮ್ಮೆ ಮಾತ್ರ ಅದನ್ನು ಬಳಸಿ, ತಾನೂ ಸಮುದ್ರದಡಿಯಲ್ಲೇ ಉಳಿದು ಸಾಯುತ್ತಾನೆ. ತಿಳಿವಳಿಕೆಗೆ ಕಡಿವಾಣ ಹಾಕಿಕೊಂಡ ಇಂಥ ಪಾತ್ರ ಈ ಬಗೆಯ ಕತೆಗಳಲ್ಲಿ ಅಪರೂಪ.

ಇಂಥ ಕತೆಗಳಿಂದ ಏನಾದರೂ ಪ್ರಯೋಜನವಾಗಿದೆಯೇ? 1983ರ ನವೆಂಬರ್ 20ರಂದು ಅಮೆರಿಕದ ಟಿ.ವಿ.ಯಲ್ಲಿ ‘ದಿ ಡೇ ಆಫ್ಟರ್’ ಎಂಬ ಚಿತ್ರ ಪ್ರಸಾರವಾಯಿತು. ಅಣುಯುದ್ಧಕ್ಕೆ ಸಿಕ್ಕ ಸಾಮಾನ್ಯ ಜನರ ಪಾಡನ್ನು ಸುಮಾರು 10 ಕೋಟಿ ಜನ ನೋಡಿದರು. ಮುಂಚಿತವಾಗಿಯೇ ಅದನ್ನು ನೋಡಿದ್ದ ಅಧ್ಯಕ್ಷ ರೇಗನ್, ಮನಸ್ಸು ಬಹಳ ಕುಗ್ಗಿತೆಂದು ದಿನಚರಿಯಲ್ಲಿ ಬರೆದುಕೊಂಡರು. 1987ರಲ್ಲಿ ಅವರು ಮತ್ತು ಸೋವಿಯತ್ ನಾಯಕ ಗೊರ್ಬಚೆವ್ ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಇದಕ್ಕೆ ಚಿತ್ರವೇ ಕಾರಣ ಎನ್ನಲಾಗದು. ಆದರೆ ಭಯ ಕೆಲವೊಮ್ಮೆ ವಿವೇಕಕ್ಕೂ ದಾರಿಯಾಗಬಲ್ಲದು. ಆ ಒಪ್ಪಂದ 2019ರಲ್ಲಿ ಮುರಿದುಬಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಹುಲ್ಲು ಒಣಗಿದರೆ

ಭತ್ತ, ಗೋಧಿ, ರಾಗಿ, ಜೋಳ ಎಲ್ಲವೂ ಹುಲ್ಲಿನ ಜಾತಿಯವು. ಆ ಹುಲ್ಲೇ ಇಲ್ಲವಾದರೆ? ಇಂಗ್ಲಿಷ್ ಲೇಖಕ ಜಾನ್ ಕ್ರಿಸ್ಟೊಫರ್‌ನ ‘ದಿ ಡೆತ್ ಆಫ್ ಗ್ರಾಸ್’ (1956) ಕಾದಂಬರಿಯಲ್ಲಿ ವೈರಸ್ ಒಂದು ಮೊದಲು ಚೀನಾದ ಭತ್ತವನ್ನು ನಾಶಮಾಡುತ್ತದೆ. ಲಂಡನ್ನಿನ ಸಭ್ಯರು ಅಲ್ಲಿನ ಹಸಿವಿನ ಸುದ್ದಿ ಓದಿ ಮರುಗುತ್ತಾರೆ. ಅಂಥ ಅನಾಗರಿಕತೆ ತಮ್ಮಲ್ಲಿ ಸಾಧ್ಯವಿಲ್ಲವೆಂದೂ ನಂಬಿರುತ್ತಾರೆ. ಬಳಿಕ ಅದೇ ರೋಗ ಗೋಧಿಗೂ ತಗಲುತ್ತದೆ. ಕೆಲವೇ ದಿನಗಳಲ್ಲಿ ಕಥಾನಾಯಕ, ಒಬ್ಬ ಎಂಜಿನಿಯರ್, ಆಹಾರಕ್ಕಾಗಿ ರೈತ ದಂಪತಿಯ ಕೊಲೆಗೆ ಇಳಿಯುತ್ತಾನೆ. ಕೊನೆಗೆ ಒಡಹುಟ್ಟಿದವನ ಕಣಿವೆಯನ್ನೇ ಕಾದಾಡಿ ಗೆಲ್ಲುತ್ತಾನೆ, ಆ ಕಾದಾಟದಲ್ಲಿ ಒಡಹುಟ್ಟಿದವನು ಸಾಯುತ್ತಾನೆ.

2020ರಲ್ಲಿ ಕೊರೊನಾ ಬಂದಾಗ ಹುಲ್ಲು ಒಣಗಲಿಲ್ಲ, ಲೋಕವೂ ಮುಗಿಯಲಿಲ್ಲ. ಆದರೂ ಅನೇಕ ದೇಶಗಳಲ್ಲಿ ಅಂಗಡಿಗಳ ಕಪಾಟುಗಳು ಬರಿದಾದವು. ಇಲ್ಲದ ಔಷಧಿ ಇದೆಯೆಂದು ಹೇಳಿ ದುಡ್ಡು ಮಾಡಿದವರೂ ಇದ್ದರು. ಮೇರಿ ಶೆಲ್ಲಿಯ ಕಪಟ ಪ್ರವಾದಿಯನ್ನು, ವೆಲ್ಸ್‌ನ ನಾಣ್ಯದ ಮನುಷ್ಯನನ್ನು ಓದಿದ್ದವರಿಗೆ ಅವರ ಮುಖ ಹೊಸದೆನಿಸಿರಲಾರದು.

ಚಾಪೆಕ್‌ನ ಕತೆಯ ಕೊನೆಗೆ ದ್ವಾರಪಾಲಕ ಪೊವೊಂದ್ರ ಮುದುಕನಾಗಿದ್ದಾನೆ. ತಮ್ಮ ದೇಶಕ್ಕೆ ಸಮುದ್ರವೇ ಇಲ್ಲ, ಹೆದರಬೇಕಾಗಿಲ್ಲ ಎಂದು ಧೈರ್ಯದಿಂದಿದ್ದವನು, ಒಂದು ದಿನ ಪ್ರಾಗ್ ನದಿಯಲ್ಲಿ ಮೀನು ಹಿಡಿಯುತ್ತಿರುವಾಗ ನೀರಿನಿಂದೆದ್ದ ಕಪ್ಪು ತಲೆಯೊಂದನ್ನು ಕಾಣುತ್ತಾನೆ. ಅಂದು ತಾನು ಬಾಗಿಲು ತೆಗೆಯದೇ ಇದ್ದಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲ ಎಂದು ಪರಿತಪಿಸುತ್ತಾನೆ. ಆಯುಧ ಮಾರಿದವರು, ಸಾಲ ಕೊಟ್ಟವರು, ಸಹಿ ಹಾಕಿದವರು ಎಷ್ಟೋ ಮಂದಿ. ಇಡೀ ಕಾದಂಬರಿಯಲ್ಲಿ ತಪ್ಪು ತನ್ನದು ಎಂದು ಕೊರಗುವವನು ಆ ದ್ವಾರಪಾಲಕನೊಬ್ಬನೇ.